ಮೆತ್ತನೆಯ ತಳದ ಹರಿಗೋಲು

ಅಂಬ್ರಪ್ಪ ತೀರಿಕೊಂಡ ಮುಂದಿನ ತಿಂಗಳು ಮರಿಲಿಂಗಪ್ಪ ಒಡೆದ ಹರಿಗೋಲೊಂದನ್ನು ಟಂಟಂ ಗಾಡಿಯ ಮೇಲೆ ಹೇರಿಕೊಂಡು ದೇವಾಪುರಕ್ಕೆ ಬಂದ. ಅಂಬ್ರಪ್ಪನ ಶೆಡ್ಡಿನ ಮುಂದೆ ಇಳಿಸಿದ. ಬೋರಲು ಹಾಕಿದ. ಮೋನಮ್ಮನನ್ನು ಕರೆದು ತಳ ತೋರಿಸಿದ.

ತಳದಲ್ಲಿ ಮೊಳದುದ್ದ ಸೀಳು ಬಿದ್ದಿತ್ತು. ಸೀಳಿನ ಎರಡೂ ಬದಿಗೆ ಕೂದಲೆಳೆಯಂಥ ಬಿಳಿ ಗೆರೆಗಳು ಹರಡಿದ್ದವು. ಮೋನಮ್ಮ ಕೈಯಾಡಿಸಿ ನೋಡಿದಳು. ಗೆರೆಗಳು ಒಳಗಿದ್ದವು, ಕೈಗೆ ಹತ್ತಲಿಲ್ಲ.

ಈ ಹರಿಗೋಲು ಮಾಡಿದವನು ಅವಳ ಗಂಡ ಅಂಬ್ರಪ್ಪ. ಗಾಜಿನ ನೂಲಿನ ಚಾಪೆ ಹಾಸಿ, ಅದರ ಮೇಲೆ ರೆಸಿನ್ ಎಂಬ ಅಂಟು ಬಳಿದು, ಪದರದ ಮೇಲೆ ಪದರ ಕೂರಿಸಿ ಒಣಗಿಸಿದ ಫೈಬರ್ ಹರಿಗೋಲು. ಕೃಷ್ಣಾ ಹೊಳೆಯಲ್ಲಿ ಮೀನು ಹಿಡಿಯುವವರು ಬಿದಿರಿನ ಹರಿಗೋಲು ಬಿಟ್ಟು ಇದನ್ನು ಹಿಡಿದು ಬಹಳ ವರ್ಷವಾಯಿತು. ಮರಿಲಿಂಗಪ್ಪನೂ ಅವರಲ್ಲಿ ಒಬ್ಬ. ಅವನು ಹುಟ್ಟು ಹಾಕುತ್ತಾನೆ, ಹೆಂಡತಿ ಭಾಗಮ್ಮ ಬಲೆ ಬಿಡುತ್ತಾಳೆ.

ಕಲ್ಲಿಗೆ ಬಡಿದಿಲ್ಲ, ದಿಮ್ಮಿಗೆ ತಾಗಿಲ್ಲ, ನಡುಹೊಳೆಯಲ್ಲಿ ತಾನಾಗಿಯೇ ಸೀಳಿತು ಎಂದು ಅವನು ಹೇಳಿದ. ಭಾಗಮ್ಮ ಸೀಳಿಗೆ ಸೆರಗು ತುರುಕಿ ಅದರ ಮೇಲೆಯೇ ಕೂತಳಂತೆ. ಇವನು ಉಸಿರುಗಟ್ಟಿ ಹುಟ್ಟು ಹಾಕಿದನಂತೆ. ದಂಡೆ ಮುಟ್ಟುವಷ್ಟರಲ್ಲಿ ಕೂತವಳ ತೊಡೆ ಮುಳುಗಿತ್ತಂತೆ. ಅವಳಿಗೆ ಈಜು ಬರುವುದಿಲ್ಲ.

"ಸತ್ತೋರ ಬಗ್ಗಿ ಮಾತಾಡಬಾರದು," ಎಂದ ಮರಿಲಿಂಗಪ್ಪ. "ಆದ್ರ ತಂಗಿ, ನಿನ್ ಗಂಡ ನಮಗ ಗಾಜು ಮಾರ್ಯಾನ."

ಗಂಡ ಇದ್ದಿದ್ದರೆ ಮೋನಮ್ಮ ಕರೆದು ಕೇಳುತ್ತಿದ್ದಳು. ಕರೆಯಲು ಶೆಡ್ಡಿನ ಕಡೆ ತಿರುಗಿಯೂಬಿಟ್ಟಳು. ಆಮೇಲೆ ನೆನಪಾಯಿತು.

ಶೆಡ್ಡಿನೊಳಗೆ ಇನ್ನೊಂದು ಹರಿಗೋಲಿತ್ತು. ಅಂಬ್ರಪ್ಪ ಕೊನೆಗೆ ಮಾಡಿದ್ದು. ಅಚ್ಚಿನಿಂದ ಬಿಡಿಸಿದ್ದ, ಸುತ್ತಲಿನ ಅಂಚು ಇನ್ನೂ ಕತ್ತರಿಸಿರಲಿಲ್ಲ. ಅಷ್ಟರಲ್ಲಿ ಎದೆ ಹಿಡಿದುಕೊಂಡು ಕೂತ. ಸುರಪುರದ ದವಾಖಾನೆಯವರು ಕಲಬುರಗಿಗೆ ಒಯ್ಯಿರಿ ಎಂದರು. ಶಹಾಪುರ ದಾಟಲಿಲ್ಲ. ಅಲ್ಲಿಯ ತನಕ ತಲೆನೋವೆಂದು ಸುದ್ದಾ ಮಲಗಿದವನಲ್ಲ. ಕಂಡವರೆಲ್ಲ ಕಲ್ಲಿನಂಥ ಆಳು ಅನ್ನುತ್ತಿದ್ದರು.

ಮರಿಲಿಂಗಪ್ಪ ಒಳಗೆ ಹೋಗಿ ಆ ಹರಿಗೋಲನ್ನು ಬೆರಳ ಗೆಣ್ಣಿನಿಂದ ಬಡಿದ. ಕಿವಿ ಕೊಟ್ಟ. ಮತ್ತೆ ಬಡಿದ. ಮುಖ ಕಿವುಚಿದ.

ಹೊಳೆದಂಡೆಯವರು ಹರಿಗೋಲನ್ನು ಕೊಡ ಕೊಂಡ ಹಾಗೆ ಕೊಳ್ಳುತ್ತಾರೆ. ಬಡಿದು ಕೇಳುತ್ತಾರೆ. ಟಣ್ ಎಂದರೆ ಗಟ್ಟಿ ಮಾಲು. ಬದ್ ಎಂದು ಸಪ್ಪಗೆ ಕೇಳಿದರೆ ಒಳಗೆ ಒಡಕಿದೆ, ಬಿಟ್ಟು ನಡೆ. ಮಣ್ಣಿನ ಕೊಡಕ್ಕೆ ಅದು ಸರಿ. ಫೈಬರ್ ಬಂದ ಮೇಲೂ ಕೈ ಆ ರೂಢಿ ಬಿಡಲಿಲ್ಲ.

ಅಂಬ್ರಪ್ಪನ ಕೊನೆಯ ಹರಿಗೋಲು ಬದ್ ಎಂದಿತು. ಮರಿಲಿಂಗಪ್ಪ ಅದರ ತಳವನ್ನು ಅಂಗಾಲಿನಿಂದ ಒತ್ತಿದ. ತಳ ಒಳಗೆ ತಗ್ಗಿತು, ಕಾಲು ತೆಗೆದ ಮೇಲೆ ಮೇಲೆದ್ದಿತು. ಇದು ಒಡೆದದ್ದಕ್ಕಿಂತ ಖರಾಬು ಎಂದ. ಆದರೂ ಅವನಿಗೆ ಬೇರೆ ದಾರಿ ಇರಲಿಲ್ಲ. ಮಳೆ ಹತ್ತಿರ ಬಂದಿತ್ತು. ನಾರಾಯಣಪುರದ ಡ್ಯಾಮಿನ ಗೇಟು ತೆಗೆದು ಹೊಳೆಗೆ ನೀರು ಬಿಟ್ಟರೆಂದರೆ ಮೀನಿನ ಕಾಲ. ಆ ಕಾಲದಲ್ಲಿ ಹರಿಗೋಲಿಲ್ಲದೆ ಕೂತರೆ ವರ್ಷವೇ ಹೋಯಿತು.

"ನೀ ಅವನ ಜೋಡಿ ಕೆಲಸ ಮಾಡದಾಕಿ," ಎಂದ. "ಇದು ಒಡ್ಯಂಗಿಲ್ಲ ಅಂತ ನಿನ್ ಬಾಯಿಲೆ ಹೇಳು, ಒಯ್ತೀನಿ. ಒಡೀತದ ಅಂದ್ರ ಹಾಂಗರೆ ಹೇಳು. ಅದ್ರಾಗ ನಾ ಒಬ್ಬನ ಕೂಡಂಗಿಲ್ಲ."

ಮುಂದಿನ ಸೋಮವಾರ ಬಾ ಅಣ್ಣ ಎಂದಳು ಮೋನಮ್ಮ. ಅವನು ಒಡೆದದ್ದನ್ನು ಅಲ್ಲೇ ಬಿಟ್ಟು ಹೋದ.

ಅವನು ಹೋದ ಮೇಲೆ ಅವಳು ಶೆಡ್ಡಿನಲ್ಲಿ ಕೂತಳು. ಅಂಬ್ರಪ್ಪನ ಕೆಲಸದ ಅಂಗಿ ಮೊಳೆಗೆ ತೂಗುತ್ತಿತ್ತು. ವರ್ಷಗಟ್ಟಲೆ ಅಂಟು ಸಿಡಿದು ಅದರ ತೋಳು ಸೆಟೆದುಹೋಗಿತ್ತು. ಮೊಣಕೈ ಬಗ್ಗಿದ ಹಾಗೆಯೇ ನಿಂತಿತ್ತು. ಅದನ್ನು ಒಗೆಯಲೂ ಬಾರದು, ಬಿಸಾಡಲೂ ಬಾರದು.

ಒಂದು ಮೂಲೆಗೆ ಎರಡು ಡ್ರಮ್ಮು. ಎರಡರಲ್ಲೂ ಅಂಟು. ಒಂದು ಒಣಗಿದರೆ ಗಾಜಿನ ಹಾಗೆ ಬಿಗಿಯುತ್ತದೆ. ಇನ್ನೊಂದು ಒಣಗಿದರೂ ತುಸು ಬಗ್ಗುತ್ತದೆ. ಬಗ್ಗುವುದನ್ನು ಅಂಬ್ರಪ್ಪ ಹೈದರಾಬಾದಿನಿಂದ ರೈಲಿಗೆ ಹಾಕಿಸಿ, ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಕಂಡಕ್ಟರನ ಕೈಕಾಲು ಹಿಡಿದು ಬಸ್ಸಿನಲ್ಲಿ ತರುತ್ತಿದ್ದ. ಎರಡನ್ನೂ ಕೂಡಿಸಿ ಕಲೆಸುತ್ತಿದ್ದ. ಎಷ್ಟಕ್ಕೆ ಎಷ್ಟು ಎಂದು ಮೋನಮ್ಮನಿಗೆ ಗೊತ್ತಿಲ್ಲ. ಅವಳ ಕೆಲಸ ಚಾಪೆ ಕತ್ತರಿಸುವುದು. ಗಾಜಿನ ನೂಲು ಕೈಗೆ ಚುಚ್ಚಿ ತುರಿಸುತ್ತಿತ್ತು. ನೀರು ಹಾಕಿದರೆ ಇನ್ನೂ ತುರಿಸುತ್ತಿತ್ತು. ಒಣ ಜೋಳದ ಹಿಟ್ಟನ್ನು ತಿಕ್ಕಿಕೊಂಡು ಕೊಡವಿದರೆ ಹೋಗುತ್ತಿತ್ತು. ಅವಳಿಗೆ ಫೈಬರ್ ಅಂದರೆ ಅಷ್ಟೇ.

ಅಂಬ್ರಪ್ಪ ಮುದನಾಳದವನು. ಮೀಸೆ ಮೂಡುವ ಮೊದಲೇ ಹೈದರಾಬಾದಿಗೆ ಹೋಗಿ, ನೀರಿನ ಟಾಕಿ, ಬಾಗಿಲು ಮಾಡುವ ಶೆಡ್ಡಿನಲ್ಲಿ ಕೆಲಸ ಕಲಿತ. ಮದುವೆಯಾದ ಮೇಲೆ ಹೆಂಡತಿಯ ಊರು ದೇವಾಪುರಕ್ಕೆ ಬಂದು ನಿಂತ. ಮಾತು ಬಹಳ. ಊಟಕ್ಕೆ ಕೂತರೂ ಅಂಟಿನ ಮಾತು. ನೂಲು ಭಾರ ಹೊರುತ್ತದೆ, ಆದರೆ ನೂಲನ್ನು ಹಿಡಿದಿಡುವುದು ಅಂಟು ಅನ್ನುತ್ತಿದ್ದ. ಹರಿಗೋಲಿನ ತಳ ದಿನಾ ಬಗ್ಗುತ್ತದೆ. ಅಲೆ ಬಂದಾಗ ಬಗ್ಗುತ್ತದೆ, ಕಾಲಿಟ್ಟಾಗ ಬಗ್ಗುತ್ತದೆ, ದಂಡೆಗೆ ಎಳೆದಾಗ ಬಗ್ಗುತ್ತದೆ. ಬಗ್ಗಿ ಬಗ್ಗಿ ಅದಕ್ಕೂ ದಣಿವಾಗುತ್ತದೆ. ಗಟ್ಟಿ ಅಂಟು ಬಗ್ಗಲಾರದೆ ಒಳಗೊಳಗೇ ಬಿರಿಯುತ್ತದೆ. ಬಿರುಕು ಇಷ್ಟಿಷ್ಟೇ ಬೆಳೆದು ಒಂದನ್ನೊಂದು ಕೂಡುತ್ತದೆ. ಮೆತ್ತನೆಯದು ಬಿರುಕನ್ನು ಮುಂದೆ ಹೋಗಗೊಡದೆ ಹಿಡಿದು ನಿಲ್ಲಿಸುತ್ತದೆ.

ಮೋನಮ್ಮ ಇದನ್ನು ಎಷ್ಟೋ ಸಲ ಕೇಳಿದ್ದಳು. ಒಂದು ಸಲವೂ ತಲೆಗೆ ಹತ್ತಿರಲಿಲ್ಲ. ಗಟ್ಟಿಯದು ಒಡೆಯುತ್ತದೆ, ಮೆತ್ತಗಿನದು ಉಳಿಯುತ್ತದೆ ಅಂದರೆ ಏನು ಅರ್ಥ. ಹಾಗಿದ್ದರೆ ಮನೆಯನ್ನು ಹಿಟ್ಟಿನಲ್ಲಿ ಕಟ್ಟಬಹುದಲ್ಲ. ಜೀವ ಇಲ್ಲದ ಸಾಮಾನಿಗೆ ಎಂಥ ದಣಿವು ಎಂದು ಒಮ್ಮೆ ಅವನ ಮುಖಕ್ಕೇ ಕೇಳಿದ್ದಳು. ಅವನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದ.

ಈಗ ಎದುರಿಗಿರುವ ಹರಿಗೋಲಿಗೆ ಯಾವ ಅಂಟು ಎಷ್ಟು ಹಾಕಿದ್ದಾನೆ ಎಂದು ಹೇಳುವವರು ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಅವಳೇ ಹೇಳಬೇಕು.

ಮರುದಿನ ಬೆಳಿಗ್ಗೆ ಗಯಾಸನ ಗಿರಣಿಗೆ ಹೋದಳು. ಗಯಾಸ ಅಂಬ್ರಪ್ಪನ ಗೆಳೆಯ. ಗಿರಣಿಯಲ್ಲಿ ಜೋಳ ಬೀಸುತ್ತಾನೆ, ಪಕ್ಕದ ಕೋಣೆಯಲ್ಲಿ ಖಾರ ಕುಟ್ಟುವ ಯಂತ್ರ ಇಟ್ಟಿದ್ದಾನೆ. ಅದಕ್ಕೆ ಸಾಲಾಗಿ ಕಬ್ಬಿಣದ ಒನಕೆಗಳು. ಎದ್ದು ಬೀಳುತ್ತವೆ, ಎದ್ದು ಬೀಳುತ್ತವೆ. ಬೇಸಗೆಯಲ್ಲಿ ವರ್ಷದ ಖಾರ ಮಾಡಿಸಲು ಹೆಂಗಸರು ಡಬ್ಬಿ ಹೊತ್ತು ಬಂದು ಸೀನುತ್ತ ಕೂತಿರುತ್ತಾರೆ. ಗಯಾಸನ ಹೆಂಡತಿ ತಸ್ಲೀಮಾ ಮೋನಮ್ಮನನ್ನು ಒಳಗೆ ಕರೆದು ಚಹಾ ಕೊಟ್ಟಳು. ಸಾವಿನ ಮನೆಯಿಂದ ಬಂದವರನ್ನು ಏನೂ ಕೇಳಬಾರದು ಎಂಬುದು ಅವಳಿಗೆ ಗೊತ್ತಿತ್ತು.

ಮರಿಲಿಂಗಪ್ಪನ ಮಾತು ಹೇಳಿದಾಗ ಗಯಾಸ ತಲೆ ಕೆರೆದುಕೊಂಡ.

ಮರಿಲಿಂಗಪ್ಪ ಹರಿಗೋಲು ಕೊಳ್ಳಲು ಬಂದ ದಿನ ತಾನೂ ಶೆಡ್ಡಿನಲ್ಲಿದ್ದೆ ಎಂದ. ಅಂಬ್ರಪ್ಪ ಅವನಿಗೆ ಮೊದಲು ಮೆತ್ತನೆಯದನ್ನೇ ತೋರಿಸಿದ. ಮರಿಲಿಂಗಪ್ಪ ಬಡಿದ. ಬದ್ ಎಂದಿತು. ಸತ್ತ ಸಪ್ಪಳ ಬೇಡ, ಟಣ್ ಅನ್ನುವುದು ಕೊಡು ಎಂದ. ಅಂಬ್ರಪ್ಪ ಬಾಯಿ ನೋಯುವಷ್ಟು ಹೇಳಿದ. ಅವನು ಕೇಳಲಿಲ್ಲ. ಬೇರೆಯವರು ಕೊಡುತ್ತಾರೆ ಬಿಡು ಎಂದು ಎದ್ದು ನಿಂತ. ಆಗ ಅಂಬ್ರಪ್ಪ ಗಟ್ಟಿ ಅಂಟು ಹಾಕಿ ಮಾಡಿಕೊಟ್ಟ.

ಮೋನಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಅದು ಒಡೀತದ ಅಂತ ಅವನಿಗಿ ಗೊತ್ತಿತ್ತೇನು?"

"ಲಗೂನ ದಣೀತದ ಅಂತ ಗೊತ್ತಿತ್ತು ಭಾಭಿ."

"ಗೊತ್ತಿದ್ದೂ ಕೊಟ್ಟ."

ಎರಡು ಮಳೆಗಾಲ ಆದಮೇಲೆ ತಂದು ತೋರಿಸು ಎಂದು ಅಂಬ್ರಪ್ಪ ಹೇಳಿದ್ದ, ಮರಿಲಿಂಗಪ್ಪ ತರಲಿಲ್ಲ ಎಂದು ಗಯಾಸ ಸೇರಿಸಿದ. ಮೋನಮ್ಮನಿಗೆ ಅದು ಕೇಳಿಸಿತು, ಆದರೆ ಹೊಟ್ಟೆಗಿಳಿಯಲಿಲ್ಲ. ಗಂಡ ಮೋಸಗಾರನಲ್ಲ ಎಂದು ಕೇಳಿಸಿಕೊಳ್ಳಲು ಬಂದಿದ್ದಳು. ಮೋಸ ಮಾಡಿಲ್ಲ ಎಂದು ಗೊತ್ತಾಯಿತು. ಅದರ ಬದಲು ಬೇರೇನೋ ಗೊತ್ತಾಯಿತು. ಅದಕ್ಕೆ ಏನು ಹೆಸರಿಡಬೇಕೋ ತಿಳಿಯಲಿಲ್ಲ. ಸತ್ತವನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಅಳು ಬಂತು. ತಸ್ಲೀಮಾ ಬಾಗಿಲು ಮುಂದೆ ಮಾಡಿದಳು.

ಅತ್ತು ಮುಗಿದ ಮೇಲೆ ಮೋನಮ್ಮ ಫೈಬರ್ ಪಟ್ಟಿಯ ಮಾತು ತೆಗೆದಳು.

ಅಂಬ್ರಪ್ಪನಿಗೆ ಒಂದು ಚಟವಿತ್ತು. ಹೊಸ ಅಂಟು ಕಲೆಸಿದಾಗಲೆಲ್ಲ ಅದರಲ್ಲಿ ಗೇಣುದ್ದದ ಪಟ್ಟಿಯೊಂದನ್ನು ಮಾಡುತ್ತಿದ್ದ. ಖಾರದ ಯಂತ್ರದ ಪಕ್ಕದ ಕಂಬಕ್ಕೆ ಅದರ ಒಂದು ತುದಿ ಬಿಗಿಯುತ್ತಿದ್ದ. ಇನ್ನೊಂದು ತುದಿ ಒನಕೆಯ ಮೈಗೆ ಬೆಸೆದ ಚಾಚಿದ ಕಬ್ಬಿಣದ ತುಂಡಿನ ಕೆಳಗೆ ಬರುತ್ತಿತ್ತು. ಒನಕೆ ಬಿದ್ದಾಗಲೊಮ್ಮೆ ಪಟ್ಟಿ ಬಗ್ಗುತ್ತಿತ್ತು, ಎದ್ದಾಗ ನೆಟ್ಟಗಾಗುತ್ತಿತ್ತು. ಹೆಂಗಸರ ಖಾರ ಕುಟ್ಟಿದ ಹಾಗೂ ಆಯಿತು, ಪಟ್ಟಿ ದಣಿದ ಹಾಗೂ ಆಯಿತು. ಆಗ ಹೆಂಗಸರು ಮೋನಮ್ಮನನ್ನು ಕಾಡುತ್ತಿದ್ದರು. ನಿನ್ನ ಗಂಡನ ಪಟ್ಟಿ ಸಣ್ಣಗಾಯಿತೇನು, ಉಪ್ಪು ಹಾಕಲೇನು ಅನ್ನುತ್ತಿದ್ದರು. ನಾಚಿಕೆಯಾಗಿ ಅವಳು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಈಗ ಅವಳೇ ಎರಡು ಪಟ್ಟಿ ತಂದಳು. ಕೊನೆಯ ಹರಿಗೋಲಿನ ಕತ್ತರಿಸದ ಅಂಚಿನಿಂದ ಒಂದು. ಒಡೆದ ಹರಿಗೋಲಿನಿಂದ ಇನ್ನೊಂದು. ಎರಡನ್ನೂ ಗರಗಸದಿಂದ ತಾನೇ ಕೊಯ್ದಳು. ಗಯಾಸ ನೋಡಿ, ಈ ಕುಸ್ತಿ ಬರೋಬ್ಬರಿ ಇಲ್ಲ ಎಂದ. ಒಂದು ಹೊಸದು, ಇನ್ನೊಂದು ಹೊಳೆಯಲ್ಲಿ ಮೊದಲೇ ದಣಿದು ಬಂದದ್ದು. ಅದಕ್ಕೆ ಅವಳು ಒಡೆದದ್ದರ ಬಾಯಂಚಿನಿಂದ ಬೇರೆ ಪಟ್ಟಿ ಕೊಯ್ದು ತಂದಳು. ಅಲ್ಲಿ ದಪ್ಪ ಹೆಚ್ಚು, ಬಗ್ಗುವುದು ಕಡಿಮೆ. ಗಯಾಸ ಅದನ್ನು ಉಜ್ಜಿ ತೆಳ್ಳಗೆ ಮಾಡಿದ. ಆದರೂ ತಲೆ ಅಲ್ಲಾಡಿಸಿದ. ಖಾರದ ಯಂತ್ರ ಹೊಳೆಯಲ್ಲ ಎಂದ. ಹೊಳೆಯಲ್ಲಿ ನೀರು ನೆನೆಸುತ್ತದೆ, ಬಿಸಿಲು ಸುಡುತ್ತದೆ, ಇಲ್ಲಿ ಬರೀ ಬಗ್ಗುವುದು. ಮತ್ತೆ ಬೇರೆ ಏನು ಮಾಡಲಿ ಎಂದು ಅವಳು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ಎರಡೂ ಪಟ್ಟಿಗಳನ್ನು ಕಟ್ಟಿದ.

ಅವಳು ದಿನಾ ಹೋಗಿ ಕೂತಳು. ಖಾರ ಕುಟ್ಟಿಸಲು ಬಂದವರು ಮೊದಲ ದಿನ ಸುಮ್ಮನಿದ್ದರು. ವಿಧವೆಯನ್ನು ಹೇಗೆ ನಗೆಯಾಡುವುದು. ಎರಡನೆಯ ದಿನ ಗೋಗಿಯಿಂದ ತವರಿಗೆ ಬಂದಿದ್ದ ಸುಮಂಗಲಾ ಎಂಬುವಳಿಗೆ ತಡೆಯಲಾಗಲಿಲ್ಲ.

"ಯಾವುದು ಗೆದ್ದೀತು ಅಂತೀ ಮೋನಕ್ಕ? ನಾ ಕರೇದಕ್ಕ ಒಂದ್ ಸೇರು ಮೆಣಸಿನಕಾಯಿ ಪಣ ಹಚ್ಚತೀನಿ."

ಕರಿಯದು ಗಟ್ಟಿ ಅಂಟಿನದು. ಬೆಳ್ಳಗಿದ್ದದ್ದು ಅಂಬ್ರಪ್ಪನ ಕೊನೆಯದು. ಮೋನಮ್ಮನಿಗೆ ನಗು ಬಂದುಬಿಟ್ಟಿತು. ಅವನು ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ತಪ್ಪು ಮಾಡಿದ ಹಾಗೆ ಅನಿಸಿತು.

ಬೆಳ್ಳಗಿನದು ಮೊದಲು ಸೋಲತೊಡಗಿತು. ಅಥವಾ ಅವಳು ಹಾಗೆ ತಿಳಿದಳು. ಒನಕೆ ಮೇಲಿದ್ದಾಗಲೂ ಅದು ಪೂರ್ತಿ ನೆಟ್ಟಗಾಗದೆ ಬಾಡಿದ ಬೆಂಡೆಕಾಯಿಯ ಹಾಗೆ ಜೋತು ನಿಂತಿತು. ಮುಟ್ಟಿದರೆ ಬೆಚ್ಚಗಿತ್ತು, ಜ್ವರ ಬಂದ ಮೈಯ ಹಾಗೆ. ಕರಿಯದು ಹಾಕಿದ ದಿನದಂತೆಯೇ ನೆಟ್ಟಗೆ, ಹೊಳಪು ಸುದ್ದಾ ಮಾಸದೆ ನಿಂತಿತ್ತು. ಮರಿಲಿಂಗಪ್ಪ ಹೇಳಿದ್ದೇ ಖರೆ. ಅಂಬ್ರಪ್ಪ ಊಟದ ಮುಂದೆ ಆಡಿದ ಮಾತೆಲ್ಲ ಬರೀ ಮಾತು. ಹರಿಗೋಲು ಕೊಡುವುದಿಲ್ಲ ಎಂದು ಹೇಳಿ ಕಳಿಸಿಬಿಡೋಣ ಎಂದು ಮೋನಮ್ಮ ಎದ್ದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಒನಕೆಗಳು ನಿಂತವು. ಕೋಣೆಯ ಗದ್ದಲ ಅಡಗಿತು. ಗಯಾಸ ಕರಿಯ ಪಟ್ಟಿಯನ್ನು ಕೈಯಿಂದ ಮೆಲ್ಲಗೆ ಅದುಮಿದ.

ಚಿಟ್.

ಬಿಟ್ಟು ಅದುಮಿದ. ಮತ್ತೆ ಚಿಟ್. ಒಣ ತೊಗರಿಕಾಯಿ ಬಿಸಿಲಿಗೆ ಸಿಡಿಯುವ ಸಪ್ಪಳ, ಆದರೆ ಸಣ್ಣದು. ಬೆಳ್ಳಗಿನದನ್ನು ಅದುಮಿದ. ಅದು ಏನೂ ಅನ್ನಲಿಲ್ಲ. ಗಯಾಸ ಮೋನಮ್ಮನ ಮುಖ ನೋಡಿದ. ಕೂಡು ಭಾಭಿ, ಇನ್ನೊಂದು ದಿನ ನೋಡೋಣ ಎಂದ.

ಮರುದಿನ ಮಧ್ಯಾಹ್ನ, ಯಂತ್ರದ ಗದ್ದಲದ ನಡುವೆ, ಕರಿಯ ಪಟ್ಟಿ ಮುರಿಯಿತು. ಯಾರಿಗೂ ಸಪ್ಪಳ ಕೇಳಲಿಲ್ಲ. ತುಂಡು ಹಾರಿ ಸುಮಂಗಲಾಳ ಮೆಣಸಿನಕಾಯಿಯ ರಾಶಿಗೆ ಬಿತ್ತು. ಅವಳು ಅದನ್ನು ಹೆಕ್ಕಿ ತೆಗೆದು, ತನ್ನ ಸೇರು ಹೋಯಿತು ಎಂದಳು. ಹೆಂಗಸರು ನಕ್ಕರು. ಬೆಳ್ಳಗಿನದು ಜೋತುಕೊಂಡೇ ಬಗ್ಗುತ್ತ ಏಳುತ್ತ ಇತ್ತು.

ಮೋನಮ್ಮ ಮುರಿದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುರಿದ ಬಾಯಲ್ಲಿ ನೂಲುಗಳು ಹಲ್ಲುಜ್ಜುವ ಬೇವಿನ ಕಡ್ಡಿಯ ಹಾಗೆ ಕೆದರಿದ್ದವು. ನೂಲು ಚೆನ್ನಾಗಿಯೇ ಇತ್ತು. ಅದನ್ನು ಹಿಡಿದಿದ್ದ ಅಂಟೇ ಪುಡಿಯಾಗಿ ಉದುರುತ್ತಿತ್ತು.

"ಇದು ಒಡೀತು. ಅದು ಬಾಗ್ಯದ," ಎಂದಳು. "ಬಾಗಿದ್ದು ಒಳ್ಳೇದು ಅಂತ ಹ್ಯಾಂಗ ಹೇಳಲಿ?"

"ಬಾಗಿದ್ದು ಕಣ್ಣಿಗಿ ಕಾಣತದ. ಮನಿಗಿ ತಂದು ಸುಧಾರಿಸಬಹುದು," ಎಂದ ಗಯಾಸ.

"ಹೊಳ್ಯಾಗ ಅದು ಒಡ್ಯಂಗಿಲ್ಲೇನು?"

"ಒಡೀತದ. ಎಲ್ಲಾ ಒಡೀತಾವ. ಯಾವಾಗ ಅಂತ ನಂಗ ಕೇಳಬ್ಯಾಡ ಭಾಭಿ. ಅಂವ ಇದ್ರೂ ಹೇಳತಿದ್ದಿಲ್ಲ."

ಅಂವ ಇದ್ದರೂ ಹೇಳುತ್ತಿರಲಿಲ್ಲ. ಈ ಮಾತು ಅವಳ ಜೊತೆ ಮನೆಗೆ ಬಂತು. ಅಂಬ್ರಪ್ಪನಿಗೆ ಎಲ್ಲ ಗೊತ್ತಿತ್ತು, ಅವನು ಹೋದದ್ದರಿಂದ ತಾನು ಕತ್ತಲಲ್ಲಿ ಉಳಿದೆ ಎಂದು ಅವಳು ಅಂದುಕೊಂಡಿದ್ದಳು. ಅವನೂ ಖಾರದ ಯಂತ್ರದ ಮುಂದೆ ಹೀಗೇ ಕೂತು ನೋಡುತ್ತಿದ್ದನೇ? ಹಾಗಾದರೆ ಊಟದ ಮುಂದೆ ಅಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಿದ್ದ? ಅವಳಿಗೆ ಹೇಳುತ್ತಿದ್ದನೋ, ತನಗೇ ಹೇಳಿಕೊಳ್ಳುತ್ತಿದ್ದನೋ?

ಸೋಮವಾರ ಮರಿಲಿಂಗಪ್ಪ ಬಂದ. ಏನಂತೀ ತಂಗಿ ಎಂದು ಕೇಳಿದ. ಮೊದಲು ನಾನು ಇದರಲ್ಲಿ ಕೂಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದಳು ಮೋನಮ್ಮ. ಈಜು ಬರುತ್ತದೇನು ಎಂದು ಕೇಳಿದ. ಬರುವುದಿಲ್ಲ ಎಂದಳು. ಮರಿಲಿಂಗಪ್ಪ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಗಯಾಸ ಬಂದು ಅಂಚು ಕತ್ತರಿಸಿ, ಉಜ್ಜಿ ಕೊಟ್ಟ. ಹರಿಗೋಲನ್ನು ಟಂಟಂಗೆ ಹೇರಿದರು. ಅವಳು ಅದರ ಪಕ್ಕದಲ್ಲೇ ಕೂತು ಹೊಳೆಗೆ ಹೋದಳು.

ದಂಡೆಯಲ್ಲಿ ಭಾಗಮ್ಮ ಬಲೆ ಬಿಡಿಸುತ್ತಿದ್ದಳು. ದಪ್ಪ ಹೆಂಗಸು, ಮೊಣಕಾಲು ನೋವಿನವಳು. ಮೋನಮ್ಮನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದಳು. ಹರಿಗೋಲನ್ನು ನೀರಿಗಿಳಿಸಿದರು. ಮರಿಲಿಂಗಪ್ಪ ಹುಟ್ಟು ಹಿಡಿದ. ಇಬ್ಬರು ಹೆಂಗಸರು ಎದುರುಬದುರು ಕೂತರು.

ನೀರು ಇನ್ನೂ ತಗ್ಗಿನಲ್ಲಿತ್ತು. ಆದರೂ ನಡುವಿಗೆ ಬಂದಾಗ ಸೆಳೆತ ಹಿಡಿಯಿತು. ಹರಿಗೋಲು ಒಂದು ಸುತ್ತು ತಿರುಗಿತು. ಮೋನಮ್ಮ ಕೂತ ಕಡೆ ತಳ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು. ಹೊಳೆ ಅವಳ ಕೆಳಗೇ ಹೊರಳಾಡಿದ ಹಾಗೆ. ನಡುವೆ ಇದ್ದದ್ದು ಬೆರಳಷ್ಟೂ ದಪ್ಪವಿಲ್ಲದ ಹಾಳೆ. ಅವಳೇ ಕತ್ತರಿಸಿಕೊಟ್ಟ ಚಾಪೆ. ಅವನೇ ಬಳಿದ ಅಂಟು. ಕಣ್ಣು ಮುಚ್ಚಿದಳು. ಇದು ತಾಳಿಕೆಯ ಅಲುಗಾಟವೋ ಸಾಯುವ ಅಲುಗಾಟವೋ ಎಂದು ಅವಳ ಮೈಗೆ ಗೊತ್ತಾಗಲಿಲ್ಲ. ಗೊತ್ತಾಗುತ್ತದೆ ಎಂದು ತಿಳಿದೇ ಬಂದಿದ್ದಳು.

ಭಾಗಮ್ಮ ಮಾತ್ರ ಕಾಲು ನೀಡಿ ಕೂತಳು. ಹಳೆಯದರಲ್ಲಿ ಅಲೆ ಬಡಿದರೆ ನೆತ್ತಿಯ ತನಕ ಗುದ್ದುತ್ತಿತ್ತು, ಇದರಲ್ಲಿ ಹಾಸಿಗೆಯ ಮೇಲೆ ಕೂತ ಹಾಗಿದೆ ಎಂದಳು. ಮರಿಲಿಂಗಪ್ಪನಿಗೆ ಆ ಮಾತು ಸೇರಲಿಲ್ಲ. ಹೊಟ್ಟೆಯ ಹಾಗೆ ಅಲ್ಲಾಡುವ ಹರಿಗೋಲನ್ನು ತಾನು ಹುಟ್ಟಿದ ಮೇಲೆ ನೋಡಿಲ್ಲ ಎಂದ.

ದಂಡೆಗೆ ಬಂದ ಮೇಲೆ ಮೋನಮ್ಮ ಇಳಿದು ಮರಳ ಮೇಲೆ ನಿಂತಳು. ಆಮೇಲೆ ಮರಿಲಿಂಗಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು.

"ಇದು ಒಡ್ಯಂಗಿಲ್ಲ ಅಂತ ನಾ ಹೇಳಂಗಿಲ್ಲ ಅಣ್ಣ. ನಿಂದಕಿಂತ ಭಾಳ ದಿನ ತಾಳತದ ಅಂತ ಕಾಣತದ. ಖಾರದ ಮಿಷನ್ನಿನಾಗ ಕಟ್ಟಿ ನೋಡೀನಿ. ನಿಂದು ಮುರೀತು, ಇದು ಬಾಗ್ತು. ನಂಗ ಗೊತ್ತಾಗಿದ್ದು ಇಷ್ಟ. ಇದು ಜೋತು ಬೀಳತದ, ಲಗೂನ ಹಳೇದು ಕಂಡಂಗ ಕಾಣತದ. ಅದಕ್ಕ ಅಂಜಬ್ಯಾಡ. ಕೂದಲೆಳಿಯಂಥ ಗೆರಿ ಒಂದಕ್ಕೊಂದು ಕೂಡ್ಯಾವ ಅಂದ್ರ ಮಾತ್ರ ಭಾಗಮ್ಮನ್ನ ಅದ್ರಾಗ ಕೂಡಸಬ್ಯಾಡ. ಪ್ರತಿ ವರ್ಷ ಮಳಿಗಾಲ ಮುಗದ ಮ್ಯಾಲ ಬೋರಲ ಹಾಕಿ ನಂಗ ತೋರಸು."

ಮರಿಲಿಂಗಪ್ಪ ಪೂರ್ತಿ ಕೇಳಿಸಿಕೊಂಡ. ಇದನ್ನೆಲ್ಲ ಅಂಬ್ರಪ್ಪ ತನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಹೇಳಿದ್ದಾನಂತೆ, ಗಯಾಸ ಅನ್ನುತ್ತಾನೆ ಎಂದಳು ಮೋನಮ್ಮ.

"ಹೇಳಿರಬೇಕು," ಎಂದ ಅವನು ಹೊಳೆಯ ಕಡೆ ನೋಡುತ್ತ. "ನೆನಪಿಲ್ಲ."

"ನಂಗ ನೆನಪದ," ಎಂದಳು ಭಾಗಮ್ಮ. ಬಲೆಯಿಂದ ತಲೆ ಎತ್ತಲಿಲ್ಲ. "ಬಂದು ಹೇಳಿದಿ ನನ್ ಮುಂದ. ಅಂವ ಮೆತ್ತಂದು ಕೊಡಾಕ ಬಂದಿದ್ದ, ನಾ ಅವನ ಮಾತಿಗಿ ಸಿಗಲಿಲ್ಲ ಅಂತ ನಗತಿದ್ದಿ. ಗಾಜು ಬೇಡಿ ತಂದಾವ ನೀನ."

ಮರಿಲಿಂಗಪ್ಪ ಹುಟ್ಟನ್ನು ನೀರಿನಲ್ಲಿ ಅದ್ದಿ ತೊಳೆದ. ತೊಳೆಯಲು ಅದಕ್ಕೇನೂ ಹತ್ತಿರಲಿಲ್ಲ. ಅಂಬ್ರಪ್ಪ ಗಾಜು ಮಾರಿದ ಎಂದು ದಂಡೆಯ ಜನರ ಮುಂದೆಲ್ಲ ಆಡಿದ ಮಾತನ್ನು ತಾನೇ ತಿದ್ದುತ್ತೇನೆ ಎಂದ. ತಗ್ಗಿದ ದನಿಯಲ್ಲಿ ಎಂದ, ಆದರೆ ಎಂದ.

ಮೋನಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೇಡಿದವನು ಇವನೇ, ಖರೆ. ಆದರೆ ಕೊಟ್ಟವನು? ಬೇರೆ ಕಡೆ ಹೋಗುತ್ತೇನೆ ಅಂದರೆ ಹೋಗಲಿ ಎಂದು ಬಿಡಬಹುದಿತ್ತು. ಬೇರೆಯವರದು ಇನ್ನೂ ಲಗೂನೆ ಒಡೆಯುತ್ತಿತ್ತು ಎಂದು ಕೊಟ್ಟನೋ? ಇವರ ಜೊತೆ ವಾದ ಮಾಡಿ ಸಾಕಾಗಿ ಕೊಟ್ಟನೋ? ಭಾಗಮ್ಮನನ್ನು ಕೇಳಿದಳು, ನಿನಗೆ ನನ್ನ ಗಂಡನ ಮೇಲೆ ಸಿಟ್ಟಿಲ್ಲವೇ ಎಂದು. ಭಾಗಮ್ಮ ಸ್ವಲ್ಪ ಯೋಚನೆ ಮಾಡಿದಳು. ನೀರು ತೊಡೆಗೆ ಬಂದಾಗ ಇತ್ತು ಎಂದಳು. ಈಗ ಇದೆಯೋ ಇಲ್ಲವೋ ಹೇಳಲಿಲ್ಲ.

ಗಂಡ ಹೆಂಡತಿ ಬಲೆ ಹೇರಿಕೊಂಡು ಹೊರಟರು. ದೇವಾಪುರಕ್ಕೆ ಹೋಗುವ ಆಟೋ ಮೇಲಿನ ರಸ್ತೆಯಲ್ಲಿ ಹಾರ್ನು ಹೊಡೆಯಿತು. ಮ್ಯಾಲ ಬಾ ಅಕ್ಕಾ, ಜಾಗ ಅದ ಎಂದು ಒಬ್ಬ ಕೂಗಿದ. ಅವಳು ಹೋಗಲಿಲ್ಲ. ಆಟೋ ಹೋಯಿತು.

ಹರಿಗೋಲು ನಡುಹೊಳೆಗೆ ಮುಟ್ಟಿತು. ಇಲ್ಲಿಂದ ನೋಡಿದರೆ ಅದರ ತಳ ಕಾಣುವುದಿಲ್ಲ. ಬಗ್ಗುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಭಾಗಮ್ಮ ಎದ್ದು ನಿಂತು ಬಲೆ ಬೀಸಿದಳು, ಕೂತಳು. ಅಂಬ್ರಪ್ಪ ಗೊತ್ತಿದ್ದು ಕೊಟ್ಟಿದ್ದ. ತಾನು ಗೊತ್ತಿಲ್ಲದೆ ಕೊಟ್ಟೆ. ಎರಡರಲ್ಲಿ ಯಾವುದು ಹೆಚ್ಚಿನ ತಪ್ಪು ಎಂದು ಮೋನಮ್ಮ ಲೆಕ್ಕ ಹಾಕಲು ನೋಡಿದಳು. ಆಗಲಿಲ್ಲ. ಬಿಸಿಲೇರಿತು. ಅವರು ತಿರುಗಿ ದಂಡೆಗೆ ಬರುವ ತನಕ ಅಲ್ಲೇ ನಿಂತಿದ್ದಳು.